ಮೈಲುತುತ್ತದ ಹೆಸರೇ ಇಲ್ಲದ ಲೇಖನ

ಮಾನ್ಯರೇ,

‘ನದಿಯ ಮೂಕ ಸಾಕ್ಷಿ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾರೆ. ಭಾರಲೋಹಗಳಿಂದ ಸಿಹಿನೀರಿನ ಬಸವನಹುಳುಗಳು ಅಳಿಯುತ್ತಿವೆ ಎಂದು ಆರು ಪುಟ ಮರುಗಿದ್ದೀರಿ, ಆದರೆ ಯಾವ ಲೋಹ ಹುಳುವಿಗೆ ಏನು ಮಾಡುತ್ತದೆ ಎಂಬುದು ಎಲ್ಲಿಯೂ ಇಲ್ಲ. ಜೊತೆಗಿಟ್ಟ ಚಿತ್ರವಂತೂ ಶನಿವಾರಸಂತೆ ಕಡೆಯ ತೋಟಗಳನ್ನು ಕಾಡಿದ ಆಫ್ರಿಕನ್ ದೈತ್ಯ ಬಸವನಹುಳುವಿನದು. ಅದು ನೆಲದ ಜೀವಿ.

ನಿಮ್ಮ ವಾದ ನಿಲ್ಲಬೇಕಾದದ್ದು ಚಿಪ್ಪಿನ ಮೇಲೆ. ಚಿಪ್ಪು ಕಟ್ಟಲು ಹುಳು ನೀರಿನಿಂದ ಕ್ಯಾಲ್ಸಿಯಂ ಹೀರುತ್ತಲೇ ಇರಬೇಕು. ಸೀಸ ಆ ಹೀರುವಿಕೆಗೇ ಅಡ್ಡಬರುತ್ತದೆ, ಕ್ಯಾಡ್ಮಿಯಂ ಕ್ಯಾಲ್ಸಿಯಮ್ಮಿನ ದಾರಿಯಲ್ಲೇ ಒಳನುಗ್ಗಿ ಜೀರ್ಣಗ್ರಂಥಿಯಲ್ಲಿ ಶೇಖರವಾಗುತ್ತದೆ. ಬೇಗ ಬೆಳೆಯುವ ಮರಿಗಳಿಗೆ ಪೆಟ್ಟು ಹೆಚ್ಚು. ‘ಮನುಷ್ಯ ಕುಡಿಯಬಹುದಾದ ನೀರು ಹುಳುವಿಗೂ ಕ್ಷೇಮ’ ಎಂಬ ನಿಮ್ಮ ವಾಕ್ಯ ಇಲ್ಲಿಯೇ ಬಿದ್ದುಹೋಗುತ್ತದೆ: ನಮ್ಮ ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಯುರೋಪಿನ ಕೊಳಗಳ ಲಿಮ್ನಿಯಾ ಸ್ಟ್ಯಾಗ್ನಾಲಿಸ್ ಎಂಬ ಬಸವನಹುಳುವಿನ ಮರಿಗಳ ಬೆಳವಣಿಗೆಯಾದರೋ ಪ್ರಯೋಗಗಳಲ್ಲಿ ಅದಕ್ಕಿಂತ ಕಡಿಮೆ ಸೀಸಕ್ಕೇ ಕುಂಠಿತವಾಗಿದೆ.

ಕಾಫಿ ತೋಟದ ಮನೆಯವರೆಂದು ನೀವೇ ತಿಳಿಸಿದ್ದೀರಿ. ಆದರೂ ದೂರದ ಕಾರ್ಖಾನೆಗಳಿಗೆ ಮೂರು ಪುಟ ಮೀಸಲಿಟ್ಟು, ಮುಂಗಾರಿಗೆ ಮೊದಲು ಸ್ವಂತ ಅಂಗಳದಲ್ಲಿ ಕಲಸುವ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಹೆಸರೆತ್ತಿಲ್ಲ. ಮರೆವೋ ಸಂಕೋಚವೋ ನೀವೇ ಹೇಳಬೇಕು. ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಗಿಡಗಳ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, ಅಂದರೆ ಸುಮಾರು 250 ಗ್ರಾಂ ತಾಮ್ರ ಸೇರುತ್ತದೆ. ಹಲವು ಬಸವನಹುಳುಗಳ ರಕ್ತಕ್ಕೆ ನೀಲಿ ಬಣ್ಣ ಬರುವುದು ತಾಮ್ರದಿಂದಲೇ. ಆದರೆ ಅಲ್ಪ ಪ್ರಮಾಣ ಮೀರಿದರೆ ಅದೇ ಕೊಲ್ಲುತ್ತದೆ. ಶಿಸ್ಟೊಸೋಮ ಎಂಬ ಪರಜೀವಿಯಿಂದ ಮನುಷ್ಯರಿಗೆ ಬರುವ ರೋಗವನ್ನು ಹರಡುವ ಬಸವನಹುಳುಗಳನ್ನು ನಾಶಮಾಡಲು ಈಜಿಪ್ಟಿನಲ್ಲಿ ಹಿಂದೆ ಕಾಲುವೆಗಳಿಗೆ ಮೈಲುತುತ್ತವನ್ನೇ ಹಾಕುತ್ತಿದ್ದರು.

ಹಾಗೆಂದು ತೋಟದವರೆಲ್ಲ ತೋಡಿಗೆ ವಿಷವಿಕ್ಕುತ್ತಿದ್ದಾರೆಂದು ಬರೆದರೂ ಒಪ್ಪಲಾರೆ. ದ್ರಾವಣದ ಸುಣ್ಣವೂ ತೋಟದ ಮಣ್ಣಿನಲ್ಲಿ ಕೊಳೆತ ಎಲೆಯೂ ತಾಮ್ರವನ್ನು ಬಹುಮಟ್ಟಿಗೆ ಹಿಡಿದಿಡುತ್ತವೆ. ನೋಡಬೇಕಾದದ್ದು ಪೀಪಾಯಿ ತೊಳೆದ ನೀರು ನೇರವಾಗಿ ತೋಡು ಸೇರುವ ಜಾಗವನ್ನು. ಅಲ್ಲಿನ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದಷ್ಟೂ ಲೋಹದ ವಿಷ ಹೆಚ್ಚು. ಸಿಂಪಡಣೆಗೆ ಮೊದಲೊಮ್ಮೆ, ದೊಡ್ಡ ಮಳೆಯ ನಂತರ ಮತ್ತೊಮ್ಮೆ ನೀರನ್ನು ಪರೀಕ್ಷೆಗೆ ಕೊಡಿ, ತೋಡಿನ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಹುಳುಗಳನ್ನು ಎಣಿಸಿ.

ಗದ್ದೆಯಂಚಿನ ಕಲ್ಲಿಗೆ ಅಂಟಿದ ಲೋಳೆಯಂಥ ಮೊಟ್ಟೆಗಳನ್ನು ಅಜ್ಜಿ ತೋರಿಸಿದ ಪ್ರಸಂಗ ಮಾತ್ರ ಬಹಳ ಚೆನ್ನಾಗಿದೆ. ಐದನೆಯ ಪುಟದಲ್ಲಿ ಹುದುಗಿರುವ ಅದನ್ನು ಮೊದಲಿಗೆ ತನ್ನಿ, ಎಣಿಕೆ ಮುಗಿದ ಮೇಲೆ ಕಳುಹಿಸಿ.

ಸಂಪಾದಕ