ಕೊಲೆಸ್ಟ್ರಾಲ್ ಕೋಶಪೊರೆಯನ್ನು ಬಿಗಿಗೊಳಿಸುತ್ತದೋ, ಸಡಿಲವಾಗಿಡುತ್ತದೋ?

ಪ್ರಾಣಿಕೋಶದ ಪೊರೆಯನ್ನು ಬಿಗಿ ಮಾಡುವುದೂ ಕೊಲೆಸ್ಟ್ರಾಲೇ, ಸಡಿಲವಾಗಿಡುವುದೂ ಅದೇ ಎಂದು ಪುಸ್ತಕದಲ್ಲಿದೆ, ಎರಡೂ ಹೇಗೆ ನಿಜ ಎಂದು ಕೇಳಿದ್ದೀರಿ. ಎರಡೂ ನಿಜವೇ. ಆದರೆ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವ ನನ್ನ ಅಭಿಪ್ರಾಯದಲ್ಲಿ, ನಮ್ಮಂಥ ಬಿಸಿರಕ್ತದ ಪ್ರಾಣಿಗಳ ಮಟ್ಟಿಗೆ ಬಿಗಿ ಮಾಡುವುದೇ ಅದರ ದೊಡ್ಡ ಕೆಲಸ.

ಅಣುವಿನ ಆಕಾರದಲ್ಲೇ ಉತ್ತರವಿದೆ. ಒಂದಕ್ಕೊಂದು ಬೆಸೆದುಕೊಂಡ ನಾಲ್ಕು ಉಂಗುರಗಳು, ಬಾಗದ ಹಲಗೆಯಂತೆ. ಒಂದು ತುದಿಗೆ ನೀರಿಗೆ ಒಲಿಯುವ ಪುಟ್ಟ ಹೈಡ್ರಾಕ್ಸಿಲ್ (OH) ಗುಂಪು, ಇನ್ನೊಂದಕ್ಕೆ ಗಿಡ್ಡ ಬಾಲ. ಹೈಡ್ರಾಕ್ಸಿಲ್ ನೀರಿನ ಕಡೆಗೆ, ಪೊರೆಯನ್ನು ಕಟ್ಟಿರುವ ಕೊಬ್ಬಿನ ಅಣುಗಳಾದ ಫಾಸ್ಫೋಲಿಪಿಡ್‌ಗಳ ತಲೆಯ ಹತ್ತಿರ ನಿಲ್ಲುತ್ತದೆ. ಉಂಗುರಗಳು ಆ ಅಣುಗಳ ಬಾಲಗಳಾದ ಕೊಬ್ಬಿನಾಮ್ಲದ ಸರಪಳಿಗಳಿಗೆ ಒತ್ತಿಕೊಳ್ಳುತ್ತವೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಸರಪಳಿಗಳು ಸದಾ ಬಳುಕಾಡುತ್ತಿರುತ್ತವೆ. ಪಕ್ಕದಲ್ಲಿ ಉಂಗುರಗಳಿದ್ದರೆ ನೆಟ್ಟಗಾಗಿ ಒತ್ತೊತ್ತಾಗಿ ನಿಲ್ಲುತ್ತವೆ. ಪೊರೆ ತುಸು ದಪ್ಪವಾಗಿ, ಸಣ್ಣ ಅಣುಗಳ ಸೋರಿಕೆ ತಗ್ಗುತ್ತದೆ. ತಂಪು ಹೆಚ್ಚಾದಾಗ ಅದೇ ಉಂಗುರಗಳು ಅಡ್ಡ ಬಂದು, ಸರಪಳಿಗಳು ಸಾಲುಗಟ್ಟಿ ಹೆಪ್ಪುಗಟ್ಟದಂತೆ ತಡೆಯುತ್ತವೆ.

ಇದನ್ನು ಅರ್ಥಮಾಡಿಕೊಳ್ಳಲು ಕೆಂಪು ರಕ್ತಕಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮನುಷ್ಯನ ಕೆಂಪುಕಣಕ್ಕೆ ಕೋಶಕೇಂದ್ರವಿಲ್ಲ, ಒಳಪೊರೆಗಳಿಲ್ಲ, ಇರುವುದು ಹೊರಗಿನದೊಂದೇ. ಅದರಲ್ಲಿ ಹೆಚ್ಚುಕಡಿಮೆ ಒಂದು ಫಾಸ್ಫೋಲಿಪಿಡ್‌ಗೆ ಒಂದು ಕೊಲೆಸ್ಟ್ರಾಲ್ ಅಣು ಇರುತ್ತದೆ. ಸುಮಾರು 120 ದಿನ ಆ ಕಣ ತನಗಿಂತ ಕಿರಿದಾದ ರಕ್ತನಾಳಗಳಲ್ಲಿ, ಹಳೆಯ ರಕ್ತಕಣಗಳನ್ನು ಸೋಸುವ ಗುಲ್ಮದ (ಸ್ಪ್ಲೀನ್) ಸಂದುಗಳಲ್ಲಿ ಒಡೆಯದೆ ನುಸುಳಬೇಕು. ಕೊಲೆಸ್ಟ್ರಾಲನ್ನು ತಾನೇ ತಯಾರಿಸಲಾರದ್ದರಿಂದ ಸುತ್ತಲಿನ ಪ್ಲಾಸ್ಮಾದೊಂದಿಗೆ (ರಕ್ತದ ದ್ರವಭಾಗ) ಕೊಟ್ಟು ತೆಗೆದುಕೊಳ್ಳುತ್ತದೆ. ಲಿವರ್ ತೀರಾ ಕೆಟ್ಟ ಕೆಲವರಲ್ಲಿ ಈ ಲೆಕ್ಕ ತಪ್ಪಿ, ಪೊರೆಯಲ್ಲಿ ಕೊಲೆಸ್ಟ್ರಾಲ್ ವಿಪರೀತ ತುಂಬಿಕೊಳ್ಳುತ್ತದೆ. ಆಗ ಕಣ ಗಡುಸಾಗಿ, ಮೈತುಂಬ ಮುಳ್ಳುಗಳೆದ್ದು, ಗುಲ್ಮದಲ್ಲಿ ಸಿಕ್ಕಿ ನಾಶವಾಗುತ್ತದೆ. ರೋಗಿಗೆ ರಕ್ತಹೀನತೆ ಬರುತ್ತದೆ. ಬಿಗಿಗೂ ಮಿತಿ ಬೇಕು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಎಲ್ಲ ಪೊರೆಗಳಲ್ಲೂ ಇಷ್ಟೇ ಪ್ರಮಾಣ ಇರುವುದಿಲ್ಲ. ಕೋಶದ ಒಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿ ಬಹಳ ಕಡಿಮೆ. ರಕ್ತನಾಳದ ಗೋಡೆಯಲ್ಲಿ ಕಟ್ಟಿಕೊಳ್ಳುವ ಕೊಲೆಸ್ಟ್ರಾಲಿನದು ಬೇರೆಯೇ ವಿಷಯ, ದಯವಿಟ್ಟು ಎರಡನ್ನೂ ಬೆರೆಸಬೇಡಿ.

ಗಿಡಗಳು ಇದೇ ಕೆಲಸಕ್ಕೆ ಮುಖ್ಯವಾಗಿ ಕೊಲೆಸ್ಟ್ರಾಲಿನ ಬಂಧುಗಳಾದ ಸಿಟೊಸ್ಟೆರಾಲ್‌ನಂಥವನ್ನು ಬಳಸುತ್ತವೆ, ಶಿಲೀಂಧ್ರಗಳು ಎರ್ಗೊಸ್ಟೆರಾಲನ್ನು. ಆಂಫೊಟೆರಿಸಿನ್ ಬಿ ಎಂಬ ಔಷಧಿ ಶಿಲೀಂಧ್ರವನ್ನು ಕೊಲ್ಲುವುದು ಈ ಎರ್ಗೊಸ್ಟೆರಾಲನ್ನು ಹಿಡಿದುಕೊಂಡೇ. ನಮ್ಮ ಕೊಲೆಸ್ಟ್ರಾಲೂ ಅದನ್ನೇ ಹೋಲುವುದರಿಂದ ಔಷಧಿ ಅದಕ್ಕೂ ಸ್ವಲ್ಪ ಅಂಟುತ್ತದೆ; ಅದನ್ನು ಕೊಡುವಾಗ ವೈದ್ಯರು ಮೂತ್ರಪಿಂಡಗಳ ಮೇಲೆ ಕಣ್ಣಿಡುವುದಕ್ಕೆ ಇದೂ ಒಂದು ಕಾರಣ.