ಅಲಾರಂ ಹೊಡೆಯುತ್ತದೆ, ಪಾಠದ ವಿಡಿಯೊಗೆ ಮಾತ್ರ ಧ್ವನಿಯಿಲ್ಲ

ಪ್ರಶ್ನೆ: ನಮ್ಮದು ಸಕಲೇಶಪುರದ ಬಳಿ ಕಾಫಿ ತೋಟ. ಪಿಯುಸಿ ಓದುವ ಮಗಳ ಪಾಠಕ್ಕೆಂದು ಕೊಡಿಸಿದ ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಮಳೆ ಹಿಡಿದ ಮೇಲೆ ವಿಡಿಯೊಗಳ ಧ್ವನಿ ನಿಂತುಹೋಗಿದೆ. ಇಯರ್‌ಫೋನ್ ಹಾಕಿದರೆ ಚೆನ್ನಾಗಿ ಕೇಳಿಸುತ್ತದೆ. ಬೆಳಗಿನ ಅಲಾರಂ ಕೂಡ ಜೋರಾಗಿಯೇ ಹೊಡೆಯುತ್ತದೆ. ಒಂದು ಅಂಗಡಿಯವರು ಸ್ಪೀಕರ್ ಬದಲಿಸಬೇಕು ಎಂದರು, ಇನ್ನೊಬ್ಬರು ಎಲ್ಲವನ್ನೂ ಅಳಿಸಿ ಫ್ಯಾಕ್ಟರಿ ರೀಸೆಟ್ ಮಾಡಿ ಎಂದರು. ಯಾವುದನ್ನು ಮಾಡಲಿ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಸದ್ಯಕ್ಕೆ ಎರಡೂ ಬೇಡ. ನೀವು ಬರೆದಿರುವ ಅಲಾರಂ ವಿಷಯವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಅಲಾರಂ ಹೊಡೆಯುವುದು ಅದೇ ಸ್ಪೀಕರಿನಿಂದ. ಅದು ಸ್ಪಷ್ಟವಾಗಿ ಕೇಳಿಸುತ್ತಿದೆ ಎಂದಮೇಲೆ ಸ್ಪೀಕರ್ ಕೆಟ್ಟಿಲ್ಲ. ವಿಡಿಯೊದ ಧ್ವನಿ ಬೇರೆ ದಾರಿ ಹಿಡಿದಿದೆ, ಅಷ್ಟೇ.

ಇಯರ್‌ಫೋನ್ ಸಿಕ್ಕಿಸಿದ್ದಾಗ ಆಂಡ್ರಾಯ್ಡ್ ಸಾಧನಗಳು ಹಾಡು, ವಿಡಿಯೊಗಳ ಧ್ವನಿಯನ್ನು ಇಯರ್‌ಫೋನಿಗೆ ಮಾತ್ರ ಕಳಿಸುತ್ತವೆ. ಅಲಾರಂ ಮಾತ್ರ ಸಾಮಾನ್ಯವಾಗಿ ಎರಡೂ ಕಡೆ ಕೇಳಿಸುತ್ತದೆ. ಇಯರ್‌ಫೋನ್ ಮೇಜಿನ ಮೇಲಿಟ್ಟು ಮಲಗಿದವರೂ ಏಳಬೇಕಲ್ಲ. ನಿಮ್ಮ ಟ್ಯಾಬ್ ಇಯರ್‌ಫೋನ್ ಇಲ್ಲದಿದ್ದಾಗಲೂ ಇದೆ ಎಂದೇ ತಿಳಿದುಕೊಂಡಂತಿದೆ. ಇಯರ್‌ಫೋನ್ ತೆಗೆದಿಟ್ಟು, ವಿಡಿಯೊ ಓಡುತ್ತಿರುವಾಗ ವಾಲ್ಯೂಮ್ ಗುಂಡಿ ಒತ್ತಿ. ಪರದೆಯ ಮೇಲೆ ಇಯರ್‌ಫೋನಿನ ಚಿಹ್ನೆ ಮೂಡಿದರೆ ಈ ಊಹೆ ಖಚಿತ.

ಅದಕ್ಕೂ ಮೊದಲು ಎರಡು ಸಣ್ಣ ಸಾಧ್ಯತೆಗಳನ್ನು ದೂರಮಾಡಿಕೊಳ್ಳಿ. ಬ್ಲೂಟೂತ್ ಆಫ್ ಮಾಡಿ, ಪಕ್ಕದ ಕೋಣೆಯ ಸ್ಪೀಕರಿಗೋ ಅಂಗಳದಲ್ಲಿ ನಿಂತ ಕಾರಿಗೋ ಟ್ಯಾಬ್ ತಾನಾಗಿಯೇ ಜೋಡಿಕೊಂಡಿರಬಹುದು. ಇನ್ನೊಂದು, ಇಯರ್‌ಫೋನಿನ ವಾಲ್ಯೂಮ್ ಮತ್ತು ಸ್ಪೀಕರಿನ ವಾಲ್ಯೂಮ್ ಅನ್ನು ಆಂಡ್ರಾಯ್ಡ್ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಅಲಾರಮಿನದ್ದಂತೂ ಪ್ರತ್ಯೇಕ. ಆದ್ದರಿಂದ ಸೆಟ್ಟಿಂಗ್ಸ್‌ನ ಧ್ವನಿ ವಿಭಾಗದಲ್ಲಿ ‘ಮೀಡಿಯಾ’ ಎಂಬ ವಾಲ್ಯೂಮ್ ಗೆರೆಯನ್ನು, ಇಯರ್‌ಫೋನ್ ತೆಗೆದಿಟ್ಟೇ, ಬಲಕ್ಕೆಳೆದು ನೋಡಿ.

ಇವೆರಡರಿಂದ ಸರಿಹೋಗದಿದ್ದರೆ ತೊಂದರೆ ಆ 3.5 ಮಿಲಿಮೀಟರಿನ ಇಯರ್‌ಫೋನ್ ರಂಧ್ರದಲ್ಲೇ ಇರಬೇಕು. ಅದರೊಳಗೆ ತೆಳುವಾದ ಲೋಹದ ಪಟ್ಟಿಗಳಿರುತ್ತವೆ. ಪಿನ್ ಒಳಹೋದಾಗ ಅವುಗಳ ಸಂಪರ್ಕ ಬದಲಾಗಿ, ಇಯರ್‌ಫೋನ್ ಬಂತೆಂದು ಟ್ಯಾಬಿಗೆ ತಿಳಿಯುತ್ತದೆ. ಒಳಗೆ ತೇವ ಕಟ್ಟಿದರೆ, ಬಟ್ಟೆಯ ಜುಂಗು ಸೇರಿದರೆ, ಪಟ್ಟಿಗಳಿಗೆ ಕಿಲುಬು ಹಿಡಿದರೆ ಪಿನ್ ಇಲ್ಲದೆಯೂ ಅದೇ ಸಂದೇಶ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ನಿಮ್ಮ ಕಡೆ ಇದು ಆಶ್ಚರ್ಯದ ಸಂಗತಿಯಲ್ಲ.

ಟ್ಯಾಬ್ ಪೂರ್ತಿ ಆಫ್ ಮಾಡಿ, ಟಾರ್ಚ್ ಹಿಡಿದು ರಂಧ್ರದೊಳಗೆ ನೋಡಿ. ಇಯರ್‌ಫೋನ್ ಪಿನ್ನನ್ನು ಒಣ ಬಟ್ಟೆಯಿಂದ ಒರೆಸಿ, ಹತ್ತಾರು ಬಾರಿ ಒಳಹಾಕಿ, ಮೆಲ್ಲಗೆ ತಿರುಗಿಸಿ ತೆಗೆಯಿರಿ. ತೆಳುವಾದ ಕಿಲುಬು ಈ ಉಜ್ಜುವಿಕೆಗೇ ಹೋಗುವುದುಂಟು. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಒಂದೆರಡು ದಿನ ಮುಚ್ಚಿಡಿ. ಅಕ್ಕಿಯಲ್ಲಿ ಹೂತಿಡಬೇಡಿ, ಅದರ ಹುಡಿ ಒಳಗೆ ಸೇರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಂತೂ ಖಂಡಿತ ಇಡಬೇಡಿ. ಮಳೆಗಾಲದಲ್ಲಿ ಎಲ್ಲವನ್ನೂ ಅಲ್ಲೇ ಒಣಗಿಸುವ ಅಭ್ಯಾಸ ಮಲೆನಾಡಿನ ಮನೆಗಳಲ್ಲಿದೆ, ಆದರೆ ಲಿಥಿಯಂ ಬ್ಯಾಟರಿಗೆ ಬಿಸಿ ಬಹಳ ಕೆಟ್ಟದ್ದು. ಸೂಜಿ, ಸೇಫ್ಟಿ ಪಿನ್ ಹಾಕಿ ಕೆದಕಿದರೆ ಒಳಗಿನ ಪಟ್ಟಿ ಬಾಗಿ, ಒಂದು ರೂಪಾಯಿ ಖರ್ಚಿಲ್ಲದೆ ಹೋಗುತ್ತಿದ್ದ ತೊಂದರೆ ಶಾಶ್ವತವಾಗಿಬಿಡುತ್ತದೆ. ಕೊಬ್ಬರಿ ಎಣ್ಣೆಯನ್ನೂ ಬಿಡಬೇಡಿ. (ದುಂಡು ರಂಧ್ರವೇ ಇಲ್ಲದೆ ಟೈಪ್ ಸಿ ಇಯರ್‌ಫೋನ್ ಬಳಸುವ ಟ್ಯಾಬ್‌ಗಳಲ್ಲಿ ಚಾರ್ಜಿಂಗ್ ರಂಧ್ರವನ್ನೇ ಹೀಗೆ ಟಾರ್ಚ್ ಹಿಡಿದು ಪರೀಕ್ಷಿಸಬೇಕು.)

ಫ್ಯಾಕ್ಟರಿ ರೀಸೆಟ್ ಸಲಹೆ ನನಗೆ ಬೇಸರ ತರಿಸಿತು. ಲೋಹದ ಪಟ್ಟಿಗೆ ಹಿಡಿದ ಕಿಲುಬು ಸಾಫ್ಟ್‌ವೇರ್ ಅಳಿಸಿದರೆ ಹೋಗುವುದಿಲ್ಲ. ಹೋಗುವುದು ಮಗಳು ಇಳಿಸಿಟ್ಟುಕೊಂಡ ಪಾಠಗಳು. ನೆಟ್‌ವರ್ಕ್ ಸರಿಯಾಗಿ ಸಿಗದ ತೋಟದ ಮನೆಯಲ್ಲಿ ಅವನ್ನು ಮತ್ತೆ ಇಳಿಸಿಕೊಳ್ಳಲು ಎಷ್ಟು ಕಷ್ಟವೆಂದು ನಿಮಗೇ ಗೊತ್ತು. ಯಾವುದೋ ಆ್ಯಪ್ ಧ್ವನಿ ತಡೆಯುತ್ತಿದೆ ಎಂಬ ಸಂಶಯವಿದ್ದರೆ ಸೇಫ್ ಮೋಡ್‌ನಲ್ಲಿ ತೆರೆದು ನೋಡಿದರೆ ಸಾಕು. ಅದು ಹೊರಗಿನ ಆ್ಯಪ್‌ಗಳನ್ನು ತಾತ್ಕಾಲಿಕವಾಗಿ ಬದಿಗಿಡುತ್ತದೆ, ಏನನ್ನೂ ಅಳಿಸುವುದಿಲ್ಲ.

ಒಣಗಿಸಿದ ಮೇಲೂ ಇಯರ್‌ಫೋನ್ ಚಿಹ್ನೆ ಹೋಗದಿದ್ದರೆ ಹಾಸನಕ್ಕೆ ಬಂದಾಗ ರಿಪೇರಿಗೆ ಕೊಡಿ. ಆಗಲೂ ‘ಧ್ವನಿ ಬರುತ್ತಿಲ್ಲ’ ಎಂದಷ್ಟೇ ಹೇಳಬೇಡಿ. ‘ಅಲಾರಂ ಸ್ಪೀಕರಿನಲ್ಲಿ ಬರುತ್ತದೆ, ಇಯರ್‌ಫೋನ್ ಜಾಕ್ ನೋಡಿ’ ಎಂದು ಹೇಳಿ, ಅವರ ಮುಂದೆಯೇ ಅಲಾರಂ ಹೊಡೆಸಿ ತೋರಿಸಿ. ಅಲ್ಲಿಯವರೆಗೆ ಮಗಳ ಓದು ನಿಲ್ಲದಿರಲು ಚಿಕ್ಕದೊಂದು ಬ್ಲೂಟೂತ್ ಸ್ಪೀಕರ್ ಜೋಡಿಸಿಕೊಡಿ. ಧ್ವನಿ ಜಾಕ್ ಕಡೆಗೆ ಹೋಗದೆ ಅದಕ್ಕೇ ಹೋಗುತ್ತದೆ.

ಪ್ರಶ್ನೆ: ಅಜ್ಜಿಯ ಟ್ಯಾಬ್‌ನಲ್ಲಿ ಹಾಡು ಜೋರಾಗಿ ಕೇಳಿಸುತ್ತದೆ, ಆದರೆ ನಾವು ಬೆಂಗಳೂರಿನಿಂದ ವಿಡಿಯೊ ಕರೆ ಮಾಡಿದಾಗ ಅವರಿಗೆ ಏನೂ ಕೇಳಿಸುವುದಿಲ್ಲ. ಯಾಕೆ?
— ಓದುಗರು, ಚಿಕ್ಕಮಗಳೂರು

ಉತ್ತರ: ಕರೆಯ ವಾಲ್ಯೂಮ್ ಹಾಡಿನ ವಾಲ್ಯೂಮಿಗಿಂತ ಬೇರೆ. ಗುಂಡಿಯಿಂದ ಅದನ್ನು ಏರಿಸಬೇಕಾದರೆ ಕರೆ ನಡೆಯುತ್ತಿರುವಾಗಲೇ ಒತ್ತಬೇಕು, ಉಳಿದ ಸಮಯದಲ್ಲಿ ಒತ್ತಿದರೆ ಸಾಮಾನ್ಯವಾಗಿ ಹಾಡಿನದ್ದು ಏರುತ್ತದೆ. ಹತ್ತಿರದಲ್ಲಿ ಯಾರಾದರೂ ಇದ್ದಾಗ ಕರೆ ಮಾಡಿ, ಮಾತಿನ ನಡುವೆಯೇ ಗುಂಡಿಯನ್ನು ಪೂರ್ತಿ ಏರಿಸಲು ಹೇಳಿ. ಅಜ್ಜಿ ಟ್ಯಾಬನ್ನು ಕೈಯಲ್ಲಿ ಹಿಡಿಯುವಾಗ ಅಂಚಿನ ಸ್ಪೀಕರ್ ಅಂಗೈಯಿಂದ ಮುಚ್ಚಿಹೋಗುತ್ತದೆಯೇ ಎಂದೂ ನೋಡಲಿ. ಹಾಗಿದ್ದರೆ ಗೋಡೆಗೋ ಸ್ಟ್ಯಾಂಡಿಗೋ ಒರಗಿಸಿಟ್ಟರೆ ಸಾಕು.