ಗೇಮ್ಸ್ ನಂಬಿಕೊಂಡು ಮೊಟೇರಾದಲ್ಲಿ ಹೋಟೆಲ್ ಹಾಕಬಹುದಾ?

2030ರ ಕಾಮನ್‌ವೆಲ್ತ್ ಗೇಮ್ಸ್‌ಗೆ ಅಹ್ಮದಾಬಾದಿನ ರಸ್ತೆಗಳೆಲ್ಲ ಹೊಸದಾಗುತ್ತವೆ, ಈಗಲೇ ಅಲ್ಲಿನ ದೊಡ್ಡ ಕ್ರಿಕೆಟ್ ಸ್ಟೇಡಿಯಂ ಇರುವ ಮೊಟೇರಾದಲ್ಲಿ ಮಳಿಗೆ ಹಿಡಿದು ಇಡ್ಲಿ-ದೋಸೆ ಹೋಟೆಲ್ ಹಾಕಲಾ ಅಂತ ಕೇಳಿದ್ದೀರಿ. 2009ರಲ್ಲಿ ದಿಲ್ಲಿಯಲ್ಲಿ ನಾನು ಹಾಕಿದ್ದೂ ಇದೇ ಲೆಕ್ಕ.

ದಕ್ಷಿಣ ದಿಲ್ಲಿಯ ಒಂದು ಮಾರ್ಕೆಟ್ಟಿನಲ್ಲಿ ನನ್ನದೊಂದು ಸಣ್ಣ ಹೋಟೆಲ್ ಇತ್ತು. 2010ರ ಕಾಮನ್‌ವೆಲ್ತ್ ಗೇಮ್ಸ್ ದಿಲ್ಲಿಗೆ ಬರುತ್ತೆ, ವ್ಯಾಪಾರ ಜಾಸ್ತಿ ಆಗುತ್ತೆ ಅಂತ ಪಕ್ಕದ ದೊಡ್ಡ ಮಳಿಗೆಯನ್ನೂ ಹಿಡಿದೆ. ಮೂರು ವರ್ಷ ಬಿಡುವ ಹಾಗಿಲ್ಲ ಅಂತ ಕರಾರು. ಎದುರಿನ ರಸ್ತೆ ಅಗೆದಿದ್ದರು. ಕೆಲಸ ಯಾವಾಗ ಮುಗಿಯುತ್ತದೆ ಅಂತ ಬೋರ್ಡಿನಲ್ಲಿ ಬರೆದಿತ್ತು. ಅದನ್ನು ನೋಡಿ ಸಹಿ ಹಾಕಿದೆ.

ತಪ್ಪಾಗಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇಲ್ಲೇ ಎಡವುತ್ತೀರಿ. ಬೋರ್ಡಿನಲ್ಲಿದ್ದದ್ದು ಫುಟ್‌ಪಾತ್ ಕೆಲಸದ ತಾರೀಖು ಮಾತ್ರ. ಅದರ ಕೆಳಗೆ ನೀರಿನ ಪೈಪು, ಕರೆಂಟ್ ಕೇಬಲ್ಲು, ಮಳೆನೀರಿನ ಚರಂಡಿ, ಒಂದೊಂದಕ್ಕೂ ಒಂದೊಂದು ಇಲಾಖೆ, ಬೇರೆ ಬೇರೆ ಟೆಂಡರು, ಒಬ್ಬರ ಕೆಲಸ ಮುಗಿಯದೆ ಇನ್ನೊಬ್ಬರದ್ದು ಶುರುವಾಗುವುದಿಲ್ಲ, ಶುರುವಾದರೆ ಮೊದಲಿನವರು ಬಂದು ಮತ್ತೆ ಅಗೆಯುತ್ತಾರೆ. ಯಾರದ್ದು ಬಾಕಿ ಇದೆ ಅಂತ ನಾನು ಕೇಳಲೇ ಇಲ್ಲ. ಕೇಳಿದ್ದರೆ ಅಲ್ಲಿನ ಮೇಸ್ತ್ರಿಯೇ ಹೇಳುತ್ತಿದ್ದ, ದಿನಾ ನಮ್ಮಲ್ಲೇ ಚಹಾ ಕುಡಿಯುತ್ತಿದ್ದವನು.

2010ರಲ್ಲಿ ಮಳೆಯೂ ಜೋರು. ಸೆಪ್ಟೆಂಬರ್‌ನಲ್ಲಿ ಯಮುನೆ ಅಪಾಯದ ಮಟ್ಟ ದಾಟಿತ್ತು. ರಸ್ತೆಯಿಂದ ನಮ್ಮ ಬಾಗಿಲಿಗೆ ಗುಂಡಿಯ ಮೇಲೆ ಒಂದು ಹಲಗೆ. ವಯಸ್ಸಾದವರು, ಮಗು ಎತ್ತಿಕೊಂಡವರು ಅದನ್ನು ನೋಡಿ ವಾಪಸ್ ಹೋಗುತ್ತಿದ್ದರು. ಗೇಮ್ಸ್ ಇನ್ನೇನು ಬಂತು ಅನ್ನುವಾಗ ರಾತ್ರೋರಾತ್ರಿ ಕೆಂಪು ಕಲ್ಲು ಹಾಸಿದರು. ಕೆಳಗಿನ ಮಣ್ಣು ದಮ್ಮಸು ಮಾಡಿರಲಿಲ್ಲ. ಕಲ್ಲಿನ ಮೇಲೆ ಕಾಲಿಟ್ಟರೆ ಸಂದಿಯಿಂದ ಕೆಸರುನೀರು ಚಿಮ್ಮಿ ಪ್ಯಾಂಟಿಗೆ ಹಾರುತ್ತಿತ್ತು. ಗೇಮ್ಸ್ ಮುಗಿದ ಮೇಲೆ ಅದೇ ಕಲ್ಲು ಕಿತ್ತು ಪೈಪು ಹಾಕಿದರು.

ಜನ ಬಂದರಾ? ಅಕ್ಟೋಬರ್ 3ರಿಂದ 14ರವರೆಗೆ ಗೇಮ್ಸ್. ಶಾಲೆಗಳಿಗೆ ರಜೆ ಕೊಟ್ಟರು, ನಮ್ಮ ಖಾಯಂ ಗಿರಾಕಿಗಳೇ ಊರಿಗೆ ಹೊರಟರು. ಬೀದಿಬದಿಯವರನ್ನೆಲ್ಲ ಎಬ್ಬಿಸಿದ್ದರು. ನಮಗೆ ಕರಿಬೇವು ತಂದುಕೊಡುತ್ತಿದ್ದ ಹೆಂಗಸು ಆಮೇಲೆ ಆ ಮಾರ್ಕೆಟ್ಟಿಗೆ ಬರಲೇ ಇಲ್ಲ, ಅದು ಈಗಲೂ ನನಗೆ ಬೇಜಾರು. ಬಾಡಿಗೆ ಕಟ್ಟೋಕೆ ನಾನು ಊರಿನ ಸೈಟು ಮಾರಿದೆ.

ಹಾಗಂತ ಆಗಿದ್ದೆಲ್ಲ ದಂಡ ಅಲ್ಲ. ಸೆಂಟ್ರಲ್ ಸೆಕ್ರೆಟೇರಿಯಟ್‌ನಿಂದ ಸರಿತಾ ವಿಹಾರ್‌ಗೆ ಮೆಟ್ರೋ ಗೇಮ್ಸ್ ಶುರುವಾದ ದಿನವೇ ಓಡಿತು. ಏರ್‌ಪೋರ್ಟ್ ಲೈನ್ ಗೇಮ್ಸ್ ಹೊತ್ತಿಗೆ ಆಗಲಿಲ್ಲ, 2011ರ ಫೆಬ್ರುವರಿಯಲ್ಲಿ ಬಂತು, ಇವತ್ತಿಗೂ ಜನ ಓಡಾಡುತ್ತಾರೆ. ತಡವಾದರೆ ಏನಾಯಿತು? ಅವಸರದಲ್ಲಿ ಕಟ್ಟುತ್ತಿದ್ದ ನೆಹರೂ ಸ್ಟೇಡಿಯಂ ಹತ್ತಿರದ ಕಾಲ್ಸೇತುವೆ ಗೇಮ್ಸ್‌ಗೆ ಮುಂಚೆಯೇ, ಸೆಪ್ಟೆಂಬರ್ 21ಕ್ಕೆ ಕುಸಿದು ಕೂಲಿಯವರು ಗಾಯಗೊಂಡರು.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. 2030 ಬಿಟ್ಟುಬಿಡಿ. 2033ರ ಒಂದು ಮಂಗಳವಾರ ಬೆಳಗ್ಗೆ ಆ ರಸ್ತೆಯಲ್ಲಿ ತಿಂಡಿ ತಿನ್ನುವವರು ಯಾರು? 1,32,000 ಜನ ಹಿಡಿಯುವ ಸ್ಟೇಡಿಯಂ ಪಕ್ಕದಲ್ಲಿದ್ದರೂ ಪಂದ್ಯ ಇಲ್ಲದ ದಿನ ಅಲ್ಲಿಂದ ಯಾರೂ ಬರುವುದಿಲ್ಲ ಅಲ್ವಾ? ಮೊಟೇರಾಕ್ಕೆ ಮೆಟ್ರೋ 2022ರಲ್ಲೇ ಬಂದಿದೆ, 2024ರಿಂದ ಗಾಂಧಿನಗರದ ಕಡೆಗೂ ಹೋಗುತ್ತಿದೆ. ಅದರಲ್ಲಿ ಆಫೀಸಿಗೆ ಹೋಗುವವರೇ ನಿಮ್ಮ ಗಿರಾಕಿಗಳು. ಸ್ಟೇಷನ್ ಬಾಗಿಲ ಹತ್ತಿರ ಸಣ್ಣ ಜಾಗ ಸಿಕ್ಕರೆ ಈಗಲೇ ಹಿಡಿಯಿರಿ.

ಜೋರು ಮಳೆಯ ಮಾರನೇ ದಿನ ಹೋಗಿ ನೀರು ಎಲ್ಲಿ ನಿಂತಿದೆ ನೋಡಿ. ಏನೇನು ಅಗೆಯುವುದು ಬಾಕಿ ಇದೆ ಅಂತ ಇಲಾಖೆಗಳಲ್ಲಿ ಒಂದೊಂದಾಗಿ ವಿಚಾರಿಸಿ. ರಸ್ತೆ ಅಗೆದಿರುವಷ್ಟು ದಿನ ಅರ್ಧ ಬಾಡಿಗೆ ಅಂತ ಕರಾರಿನಲ್ಲಿ ಬರೆಸಿಕೊಳ್ಳಿ. ಮಾಲೀಕರು ಒಪ್ಪದಿದ್ದರೆ ಆ ಮಳಿಗೆ ಬೇಡ. ಕರಡು ಸಿಕ್ಕರೆ ಸಹಿ ಮಾಡುವ ಮುಂಚೆ ನನಗೆ ಕಳಿಸಿ, ಓದಿ ಹೇಳುತ್ತೇನೆ.